ಕುಡಿಯದವನ ಹಳದಿ ಕಣ್ಣು

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಆಕೆ ವಾರ್ಡಿನಿಂದ ಬಂದ ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡುತ್ತಾರೆ. ಒಣಗಿದ ಮೇಲೆ ಬಣ್ಣ ಹುಯ್ದು ತೊಳೆದು ನಿಲ್ಲಿಸುತ್ತಾರೆ. ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವಷ್ಟರಲ್ಲಿ ಸ್ಲೈಡುಗಳ ಸಾಲು ಸಿದ್ಧ. ಉಗುರಿನ ಸಂದಿಯ ನೀಲಿ ಮಾತ್ರ ಎಷ್ಟು ಉಜ್ಜಿದರೂ ಹೋಗದು. ಅದಕ್ಕೇ ಎಲ್ಲರಿಗೂ ಅವರು ನೀಲಕ್ಕ.

ಹೊಗಳಿದರೆ ಮುಖ ತಿರುಗಿಸುತ್ತಾರೆ. "ನನ್ನ ಬಗ್ಗೆ ಬರೆಯೋದಾದ್ರೆ ನನ್ನ ಗಂಡನ ವಿಷಯವನ್ನೂ ಬರೀರಿ. ಇಲ್ಲಾಂದ್ರೆ ಬೇಡ."

ಗಂಡ ದರ್ಜಿ. ಮದುವೆಯಾದಾಗಿನಿಂದ ಅವರ ಕಣ್ಣು ಹಳದಿ, ಮೈಗೆ ಬೇಗ ಸುಸ್ತು. ಮಧ್ಯಾಹ್ನವಾದರೆ ಹೊಲಿಗೆ ಯಂತ್ರದ ಮೇಲೇ ತಲೆಯಿಟ್ಟು ಮಲಗಿಬಿಡುತ್ತಿದ್ದರು. ಕದ್ದು ಕುಡಿಯುತ್ತಾರೆಂದು ನೀಲಕ್ಕ ತೀರ್ಮಾನಿಸಿದರು. "ಜೇಬು ತಡಕಿದೆ, ಬಾಯಿ ಮೂಸಿದೆ. ವಾಸನೆ ಸಿಗದಿದ್ರೆ ಲವಂಗ ಅಗಿದಿರ್ತಾರೆ ಅಂದ್ಕೊಂಡೆ. ಮಗಳ ಎದುರಿಗೇ ಕುಡುಕ ಅಂದೆ. ತವರಿಗೆಲ್ಲ ಟಾಂ ಟಾಂ ಹೊಡೆದೆ." ಗಂಡ ಆಣೆ ಮಾಡಿದರು, ಆಮೇಲೆ ಸುಮ್ಮನಾದರು. ಆ ಮೌನವೂ ಹೆಂಡತಿಯ ಕಣ್ಣಿಗೆ ತಪ್ಪೊಪ್ಪಿಗೆಯಾಗಿಯೇ ಕಂಡಿತು.

ಕಳೆದ ವರ್ಷ ಮಗಳಿಗೆ ಜ್ವರ ಬಂತು. ಹುಡುಗಿ ಬಿಳಿಚಿಕೊಂಡಳು, ಕಣ್ಣು ಹಳದಿಗೆ ತಿರುಗಿತು. ಅವಳ ಸ್ಲೈಡಿಗೆ ಬಣ್ಣ ಹಾಕಿದವರೂ ನೀಲಕ್ಕನೇ. ಡಾಕ್ಟರು ನೋಡಿ ಕರೆದರು. "ನಡುವೆ ಬಣ್ಣ ತಿಳಿಯಾಗಿರ್ಬೇಕಾದ ಕೆಂಪು ರಕ್ತಕಣಗಳು ಗೋಲಿ ಥರ ಗುಂಡಗಿವೆ. ಮನೇಲಿ ಇನ್ಯಾರಿಗಾದ್ರೂ ಕಣ್ಣು ಹಳದಿ ಇದ್ಯಾ?"

"ಅವರಪ್ಪನಿಗೆ. ಆದ್ರೆ ಅದು ಕುಡಿತದ್ದು."

"ಅವರದೂ ಒಂದು ಹನಿ ತನ್ನಿ."

ಗಂಡನ ರಕ್ತದಲ್ಲೂ ಅದೇ ಗೋಲಿಗಳು. ಮುಂದಿನ ಪರೀಕ್ಷೆಯಲ್ಲಿ ದೋಷ ಯಾವುದರಲ್ಲಿದೆ ಎಂಬುದೂ ಸಿಕ್ಕಿತು: ಆಂಕಿರಿನ್ ಕುಟುಂಬದ ಒಂದು ಪ್ರೋಟೀನು. ಕಣದ ಹೊರಪೊರೆಯನ್ನು ಒಳಗಿನ ಬಲೆಗೆ ಕಟ್ಟಿ ಹಿಡಿಯುವುದು ಅದರ ಕೆಲಸ. ಅಪ್ಪ, ಮಗಳಲ್ಲಿ ಆ ಕಟ್ಟು ಹುಟ್ಟಿನಿಂದಲೇ ಸಡಿಲ. ಪೊರೆ ಚೂರುಚೂರೇ ಕಳಚಿ ಕಣ ಗುಂಡಗಾಗುತ್ತದೆ, ರಕ್ತ ಸೋಸುವ ಗುಲ್ಮದಲ್ಲಿ ಸಿಕ್ಕಿ ಬೇಗ ಒಡೆಯುತ್ತದೆ. ಕಣ್ಣಿನ ಹಳದಿ ಬರುವುದು ಅದರಿಂದಲೇ.

"ಕೋಟಿನ ಅಸ್ತರು ಹೊಲಿಗೆ ಬಿಟ್ಟಂಗೆ ಅನ್ನಿ," ಎಂದ ದರ್ಜಿ ತಲೆತಗ್ಗಿಸಿದರು. "ನನ್ನಿಂದ ಮಗೂಗೆ ಬಂತಲ್ಲ."

ನೀಲಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಊರವರ ರಕ್ತವನ್ನೆಲ್ಲ ಬೆಳಕಿಗೆ ಹಿಡಿದ ಕೈ ಗಂಡನದನ್ನು ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ಕ್ಷಮೆ ಕೇಳಿದಾಗ ಗಂಡ ನಕ್ಕುಬಿಟ್ಟರು. "ಬಿಡೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ನಮ್ಮನೇಲಿ ಕಣ್ಣು ನಂದು, ನೋಟ ನಿಂದು."

ನೀಲಕ್ಕನಿಗೆ ಇಂದಿಗೂ ಆ ನಗು ಬಂದಿಲ್ಲ.

ಮಗಳು ಮಾತ್ರೆಯ ಮೇಲೆ ಚೇತರಿಸಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ನೀಲಕ್ಕನ ಅಣ್ಣನ ಮನೆಯಲ್ಲಿ ಮಾತ್ರ ದರ್ಜಿಗೆ ಈಗಲೂ ಚಪ್ಪಲಿ ಬಿಡುವ ಜಾಗದ ಪಕ್ಕವೇ ಕುರ್ಚಿ.

"ಕಾಯಿಲೆ ಅಂತ ಹೇಳೋದು ಸುಲಭ. ಸುಳ್ಳು ಹಬ್ಬಿಸಿದ್ದು ನಾನೇ ಅನ್ನೋದೇ ಕಷ್ಟ," ಎಂದು ಬಣ್ಣದ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ ನೀಲಕ್ಕ. "ಭಾನುವಾರ ತವರಿನವರನ್ನೆಲ್ಲ ಮನೆಗೆ ಕರೆದಿದೀನಿ. ನನ್ನ ಗಂಡ ಎಲ್ಲರ ನಡುವೆ ಕೂತಿರ್ಬೇಕು. ನಾನು ನಿಂತ್ಕೊಂಡು ಹೇಳ್ಬೇಕು. ಅಷ್ಟು ಹೊತ್ತು ನಾಲಿಗೆ ಹೊರಳಿದ್ರೆ ಸಾಕು."