ಹನ್ನೆರಡು ಇಂಚಿನ ಕುರ್ಚಿ

ಟೇಪು ಮಾಸ್ಟರು ಕುತ್ತಿಗೆಯ ಟೇಪು ತೆಗೆಯುವುದು ಸ್ನಾನಕ್ಕೆ ಹೋಗುವಾಗ ಮಾತ್ರ ಎಂದು ಅವರ ಹೆಂಡತಿ ಹೇಳುತ್ತಾರೆ. ಅದರಲ್ಲಿ ಉತ್ಪ್ರೇಕ್ಷೆ ಬಹಳವಿಲ್ಲ. ಮೂರನೇ ಮಹಡಿಯ ಆ ಪುಟ್ಟ ಮನೆಯಲ್ಲಿ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಕತ್ತರಿಗಳು ಸವೆದು ಹೋಗಿವೆ, ಮೆಷಿನ್ನು ಎರಡು ಸಲ ಬದಲಾಗಿದೆ, ಟೇಪು ಮಾತ್ರ ಮೂವತ್ತು ವರ್ಷದಿಂದ ಅದೇ. ಮನುಷ್ಯರನ್ನೂ ಅವರು ಅದರಲ್ಲೇ ಅಳೆಯುತ್ತಾರೆ. "ಸೊಂಟ ನಲವತ್ತು, ಮಾತು ಅರವತ್ತು" ಎಂದು ಯಾರ ಬಗ್ಗೆಯಾದರೂ ಒಮ್ಮೆ ತೀರ್ಪು ಕೊಟ್ಟರೆ ಮುಗಿಯಿತು, ಆಮೇಲೆ ಸಾಕ್ಷಾತ್ ಆ ಗಿರಾಕಿಯೇ ಬಂದು ವಾದಿಸಿದರೂ ಬದಲಾಗುವುದಿಲ್ಲ.

ಇಂಥ ಮಾಸ್ಟರಿಗೆ ಐದು ವಾರದಿಂದ ಒಂದು ಚಿಂತೆ ಅಂಟಿಕೊಂಡಿತ್ತು: ಸೊಸೆಯ ಊಟ. ಮೊಮ್ಮಗಳು ಹುಟ್ಟಿದಂದಿನಿಂದ ಅವಳು ಒಂದು ದಿನವೂ ಮೇಜಿನ ಮುಂದೆ ಕೂತು ಉಂಡಿರಲಿಲ್ಲ. ಮಗುವೋ, ಅಮ್ಮನ ಮುಖ ಒಂದು ಗಳಿಗೆ ಕಣ್ಣಿಗೆ ಬೀಳದಿದ್ದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು. ಮಗ ಬಸ್ಸು ಓಡಿಸುವವನು, ಊಟದ ಹೊತ್ತಿಗೆ ಮನೆಯಲ್ಲಿರುವುದು ವಾರಕ್ಕೊಂದೇ ಸಲ. ಹೆಂಡತಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡು ಪಟ್ಟಿ ಕಟ್ಟಿಕೊಂಡಿದ್ದರು. ಹಾಗಾಗಿ ಸೊಸೆ ಮಗುವನ್ನು ಎಡಗೈಯಲ್ಲಿ ಅವಚಿಕೊಂಡು, ಒಲೆಯ ಪಕ್ಕ ನಿಂತು, ತೂಗಾಡುತ್ತಾ, ಆರಿ ತಣ್ಣಗಾದದ್ದನ್ನು ನಾಲ್ಕು ತುತ್ತು ನುಂಗಿ ಊಟವಾಯಿತು ಎನ್ನುತ್ತಿದ್ದಳು. ಮಾಸ್ಟರು ಮೇಜಿನ ಮುಂದೆ ಬಿಸಿಬಿಸಿ ಉಣ್ಣುತ್ತಾ ಇದನ್ನು ನೋಡುತ್ತಿದ್ದರು.

"ಹುಟ್ಟಿದ ಮಗುವಿಗೂ ಆಗೋ ಹೈ ಚೇರ್ ಬಂದಿದ್ಯಂತೆ ಮಾವ," ಎಂದು ಸೊಸೆ ಒಮ್ಮೆ ಹೇಳಿದ್ದಳು. "ಬೆನ್ನು ಪೂರ್ತಿ ಹಿಂದಕ್ಕೆ ಮಲಗಿಸಬಹುದು. ಮೇಜಿನ ಎತ್ತರಕ್ಕೇ ಇರತ್ತೆ, ನಾನು ಅವಳಿಗೆ ಕಾಣಿಸ್ತಾ ಇರ್ತೀನಿ. ಆದ್ರೆ ನಮ್ಮನೇಲಿ ಎಲ್ಲಿಡೋದು?"

ಅಷ್ಟು ಸಾಕಾಯಿತು. ಮಾಸ್ಟರು ಟೇಪು ಹಿಡಿದು ಅಡುಗೆಮನೆಗೆ ನುಗ್ಗಿದರು. ಊಟದ ಹೊತ್ತಿನಲ್ಲಿ ಬಿಡಿಸಿಡಲು ಮೇಜಿನ ಪಕ್ಕ ಹೇಗೋ ಜಾಗವಿತ್ತು. ಉಳಿದ ಹೊತ್ತು ಮಡಿಸಿ ನಿಲ್ಲಿಸಲು ಇದ್ದದ್ದು ಫ್ರಿಜ್ಜಿಗೂ ಗೋಡೆಗೂ ನಡುವಿನ ಒಂದೇ ಸಂದು. ಬಗ್ಗಿ ಅಳೆದರು, ಎದ್ದು ಅಳೆದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಹನ್ನೊಂದೂವರೆ ಇಂಚು.

ಮರುದಿನ ಎಲ್ಲರೂ ಮಕ್ಕಳ ಸಾಮಾನಿನ ಅಂಗಡಿಗೆ ಹೊರಟರು. "ಕುತ್ತಿಗೆಗೆ ಟೇಪು ಸುತ್ತಿಕೊಂಡು ಬೀದೀಲಿ ನನ್ನ ಜೊತೆ ಬರಬೇಡಿ, ಎಲ್ಲಾರೂ ನೋಡ್ತಾರೆ," ಎಂದು ಹೆಂಡತಿ ಬಾಗಿಲಲ್ಲೇ ಅದನ್ನು ಕಿತ್ತಿಟ್ಟರು. ಮಾಸ್ಟರಿಗೆ ಕುತ್ತಿಗೆ ಬೋಳಾದಂತಾಯಿತು.

ಅಂಗಡಿಯಾಕೆ ಒಂದೊಂದೇ ತೋರಿಸಿದಳು. ಮೊದಲನೆಯದು ಸಿಂಹಾಸನದಷ್ಟು ದೊಡ್ಡದು, ಮಡಚುವ ಮಾತೇ ಇಲ್ಲ. ಎರಡನೆಯದು ಮಡಚಿದರೆ ಹಪ್ಪಳ, ಆದರೆ ಮಗು ತಾನಾಗಿ ಕೂರಲು ಕಲಿತ ಮೇಲಷ್ಟೇ ಉಪಯೋಗ. ಮೂರನೆಯದನ್ನು ಮೇಜಿಗೇ ಸಿಕ್ಕಿಸಬೇಕು, ಅದೂ ಕೂರುವ ಮಗುವಿಗೇ. ಕೊನೆಗೆ ಮೂಲೆಯಿಂದ ಬೂದು ಬಣ್ಣದ ಒಂದನ್ನು ಎಳೆದು ತಂದಳು. ಬೆನ್ನು ಸರಾಗವಾಗಿ ಹಿಂದಕ್ಕೆ ಮಲಗಿತು. ಐದು ಪಟ್ಟಿಯ ಬೆಲ್ಟು, ಮೆತ್ತನೆಯ ಒಳಹಾಸು.

"ಇದು ಮೊದಲ ದಿನದಿಂದ್ಲೇ ಆಗತ್ತೆ. ಕತ್ತು ನಿಲ್ಲೋವರೆಗೂ ಹೀಗೆ ಮಲಗಿಸೇ ಇಡಿ, ಬೆಲ್ಟು ಮರೀಬೇಡಿ, ಎದುರಿಗೇ ಇರಿ. ನಿದ್ದೆ ಬಂದ್ರೆ ಎತ್ತಿ ಹಾಸಿಗೆಗೆ ಹಾಕಿ. ಇದೊಂದೇ ಪೀಸ್ ಉಳಿದಿರೋದು."

ಸೊಸೆ ಒಳಹಾಸಿನ ಮೇಲೆ ಅಂಗೈ ಇಟ್ಟಳು. ಇಟ್ಟ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ಮಡಚಿದ್ರೆ ಎಷ್ಟು ದಪ್ಪ?" ಎಂದರು ಮಾಸ್ಟರು.

ಅಂಗಡಿಯಾಕೆ ಡಬ್ಬದ ಮೇಲಿದ್ದದ್ದನ್ನು ಓದಿದಳು. "ಹನ್ನೆರಡು ಇಂಚು."

"ಹಾಗಿದ್ರೆ ಬೇಡ. ನಮ್ಮ ಸಂದು ಹನ್ನೊಂದೂವರೆ."

"ಅರ್ಧ ಇಂಚು ತಾನೆ ಯಜಮಾನ್ರೇ, ಒತ್ತಿದ್ರೆ ಹೋಗತ್ತೆ."

ಅರ್ಧ ಇಂಚು ತಾನೆ! ನಲವತ್ತು ವರ್ಷ ಕಾಲು ಇಂಚಿಗಾಗಿ ಹೊಲಿಗೆ ಬಿಚ್ಚಿದವರ ಮುಂದೆ ಆಡುವ ಮಾತೇ ಅದು? ಮಾಸ್ಟರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಹೋಗ್ಲಿ ಬಿಡಿ ಮಾವ," ಎಂದಳು ಸೊಸೆ ನಗುತ್ತಾ, "ಇನ್ನು ಕೆಲವು ತಿಂಗಳು, ಆಮೇಲೆ ಅವಳೇ ಕೂತ್ಕೊತಾಳೆ." ಆ ನಗು ಮಾಸ್ಟರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಂಗಡಿಯಾಕೆಗೂ ಏನನಿಸಿತೋ, "ಸಂಜೆ ಆರರವರೆಗೆ ಎತ್ತಿಟ್ಟಿರ್ತೀನಿ. ಆಮೇಲೆ ಬೇರೆಯವರು ಕೇಳಿದಾರೆ," ಎಂದಳು.

ಮಧ್ಯಾಹ್ನ ಸೊಸೆ ಮತ್ತೆ ಒಲೆಯ ಪಕ್ಕ ನಿಂತೇ ಉಂಡಳು. ಮಾಸ್ಟರು ಅರ್ಧಕ್ಕೇ ಕೈ ತೊಳೆದು ಎದ್ದರು, ಕೆಳಗಿನ ಮಹಡಿಯ ಬಡಗಿ ಕೆಲಸದಿಂದ ಬರುವುದನ್ನೇ ಕಾದು ಐದು ಗಂಟೆಗೆ ಅವನನ್ನು ಕರೆತಂದರು. ಫ್ರಿಜ್ಜಿನ ಇನ್ನೊಂದು ಬದಿಯ ಪಾತ್ರೆ ಕಪಾಟನ್ನು ಅರ್ಧ ಇಂಚು ಕೆತ್ತಿಸಿ ಫ್ರಿಜ್ಜನ್ನು ಆ ಕಡೆ ಸರಿಸುವುದು ಅವರ ಹಂಚಿಕೆ. ಬಡಗಿ ತನ್ನ ಉಕ್ಕಿನ ಟೇಪನ್ನು ಸರ್ರನೆ ಎಳೆದು ಸಂದಿಗೆ ಹಿಡಿದ.

"ಏನು ಕೆತ್ತೋದು ಮಾಸ್ಟ್ರೇ? ಹನ್ನೆರಡೂ ಕಾಲು ಇದ್ಯಲ್ಲ."

"ನಿನ್ನ ಟೇಪು ಸರಿಯಿಲ್ಲ."

"ಉಕ್ಕು ಕಣ್ರೀ ಇದು!"

ಎರಡೂ ಟೇಪುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹಾಸಿದರು. ಮಾಸ್ಟರ ಅರವತ್ತನೆಯ ಇಂಚು ಬಡಗಿಯ ಅರವತ್ತನಾಲ್ಕಕ್ಕೆ ಬಂದು ನಿಂತಿತ್ತು. ಮೂವತ್ತು ವರ್ಷ ಎಳೆಸಿಕೊಂಡು ಎಳೆಸಿಕೊಂಡು ಬಟ್ಟೆಯ ಟೇಪು ಉದ್ದವಾಗಿತ್ತು! ಮೈಯನ್ನೂ ಅದರಲ್ಲೇ ಅಳೆದು ಬಟ್ಟೆಯನ್ನೂ ಅದರಲ್ಲೇ ಕತ್ತರಿಸುತ್ತಿದ್ದುದರಿಂದ ಅಂಗಿಗಳು ಮೈಗೆ ಸರಿಯಾಗಿಯೇ ಕೂರುತ್ತಿದ್ದವು. ಆದರೆ ಅಳತೆ ಕೊಡಲು ಪುರುಸೊತ್ತಿಲ್ಲದೆ "ನಂದು ನಲವತ್ತು, ಹೊಲಿದುಬಿಡಿ" ಎಂದು ಬಾಯಲ್ಲೇ ಹೇಳಿ ಹೋದವರೆಲ್ಲ ಆಮೇಲೆ ದೊಗಳೆ ಎಂದು ದೂರುತ್ತಿದ್ದರಲ್ಲ? ಅವರಿಗೆಲ್ಲ ಮಾಸ್ಟರು ಮುಲಾಜಿಲ್ಲದೆ ಹೇಳಿದ್ದು, "ನೀವೇ ಸೊರಗಿದೀರಿ, ಡಾಕ್ಟರಿಗೆ ತೋರಿಸಿ."

"ಎಷ್ಟು ಜನ ಡಾಕ್ಟರ ಹತ್ರ ಹೋದ್ರೋ ಏನೋ," ಎಂದು ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸೊಸೆ ತಡೆಯಲಾರದೆ ಕಿಸಕ್ಕನೆ ನಕ್ಕಳು. ಮಾಸ್ಟರ ಮುಖ ಪೆಚ್ಚಾಯಿತು. ಆದರೂ ಅವರು ಗಡಿಯಾರ ನೋಡಿದರು, ಚಪ್ಪಲಿ ಮೆಟ್ಟಿದರು, "ತಪ್ಪು ನಂದೇ ಕಣಮ್ಮ, ಈಗ ಬಂದೆ," ಎಂದು ಸೊಸೆಗೆ ಹೇಳಿ ಮೆಟ್ಟಿಲಿಳಿದರು. ಆರಕ್ಕೆ ಹತ್ತು ನಿಮಿಷ ಇರುವಾಗ ಅಂಗಡಿಯಲ್ಲಿದ್ದರು. ಬಡಗಿಯೂ ಅವರೂ ಆ ಕಡೆ ಈ ಕಡೆ ಹಿಡಿದು ಡಬ್ಬವನ್ನು ಮೂರು ಮಹಡಿ ಹತ್ತಿಸಿದರು. ಮಡಚಿದ ಕುರ್ಚಿ ಸಂದಿನೊಳಗೆ ಗೋಡೆಗೆ ತಾಗದೆ ಜಾರಿ ನಿಂತಿತು.

ಅಂದು ಊಟಕ್ಕೆ ಕುರ್ಚಿ ಬಿಡಿಸಿ, ಮಗುವನ್ನು ಮಲಗಿಸಿ, ಬೆಲ್ಟು ಹಾಕಿ, ಸೊಸೆ ಮೇಜಿನ ಮುಂದೆ ಕೂತಳು. ಎಡಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಮಗು ಅಮ್ಮನನ್ನೇ ನೋಡುತ್ತಾ ಐದು ನಿಮಿಷ ಸುಮ್ಮನಿತ್ತು. ಆರನೆಯ ನಿಮಿಷಕ್ಕೆ ತುಟಿ ಮುದುಡಿತು, ಆಮೇಲೆ ಕಿಟಾರನೆ ಕಿರುಚಿತು.

ಸೊಸೆ ತುತ್ತು ಬಿಟ್ಟು ಏಳಹೊರಟಳು.

"ನೀನು ಕೂತ್ಕೋ," ಎಂದರು ಮಾಸ್ಟರು.

ಎದ್ದು ಕೈ ತೊಳೆದು ಬಂದು ಕುರ್ಚಿಯ ಮುಂದೆ ನಿಂತರು. ಕತ್ತು ನಿಲ್ಲದ ಆ ಕೂಸನ್ನು ಎತ್ತಿಕೊಳ್ಳಲು ಅವರಿಗೆ ಭಯ. ಈ ಐದು ವಾರದಲ್ಲಿ ಯಾರಾದರೂ ಕೈಗೆ ಕೊಡಲು ಬಂದರೆ ಅಂಗಿಯಲ್ಲಿ ಗುಂಡುಸೂಜಿ ಇದೆ ಎಂದು ನುಣುಚಿಕೊಂಡಿದ್ದರು. ಈಗ ಬೆಲ್ಟು ಬಿಚ್ಚಿ, ಕತ್ತಿನ ಕೆಳಗೆ ಅಂಗೈ ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿದರು. ಅಮ್ಮ ಕಾಣುವಂತೆ ಎದೆಗಾನಿಸಿಕೊಂಡು ನಿಂತಲ್ಲೇ ತೂಗಾಡಿದರು. ಮಗು ಬಿಕ್ಕಿ ಬಿಕ್ಕಿ ಸುಮ್ಮನಾಯಿತು.

"ಇದನ್ನ ಮೊದಲೇ ಮಾಡಬಹುದಿತ್ತಲ್ರೀ," ಎಂದರು ಹೆಂಡತಿ ಮೆಲ್ಲಗೆ.

ಮಾಸ್ಟರಿಗೆ ನಾಚಿಕೆಯಾಯಿತು, ಅದರ ಹತ್ತರಷ್ಟು ಸಂತೋಷವೂ ಆಯಿತು. "ಹೂಂ. ಮಾಡಬಹುದಿತ್ತು."

ಸೊಸೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಕಣ್ಣಂಚು ಒದ್ದೆಯಾಗಿತ್ತು, ತಟ್ಟೆಯಿಂದ ಹಬೆ ಏಳುತ್ತಿತ್ತು. ಮೇಜಿನ ಆ ಬದಿಯಲ್ಲಿ ಮಾಸ್ಟರ ಊಟ ಆರಿ ತಣ್ಣಗಾಗುತ್ತಿತ್ತು.

"ಅತ್ತೆ," ಎಂದಳು ಅವಳು, ತಟ್ಟೆ ಮುಂದಕ್ಕೆ ಚಾಚಿ, "ನಂಗೆ ಇನ್ನೂ ಸ್ವಲ್ಪ ಹಾಕಿ."