ಹವಾಲ್ದಾರ್ ರಾಮಾಂಜಿನಪ್ಪನ ಸಂಘಕ್ಕೆ ಅಧ್ಯಕ್ಷರು

ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರ್ ರಾಮಾಂಜಿನಪ್ಪ ನಗರಗೆರೆಗೆ ಹಿಂತಿರುಗಿದಾಗ ಊರಿನವರು ಹಾರ ಹಾಕಿದರು. ಮರುದಿನದಿಂದ ಒಬ್ಬೊಬ್ಬರಾಗಿ ಬಂದು ಕ್ಯಾಂಟೀನ್ ರಮ್ಮು ಕೇಳಿದರು.

ಅವನ ತಲೆಯಲ್ಲಿದ್ದದ್ದು ಬೇರೆ. ಹೋದ ಸಲದ ಸೈನ್ಯದ ಭರ್ತಿಗೆ ಊರಿನಿಂದ ಒಂಬತ್ತು ಹುಡುಗರು ಹೋಗಿ, ಒಂಬತ್ತು ಜನವೂ ಓಟದಲ್ಲೇ ಬಿದ್ದುಹೋಗಿದ್ದರು. ಅವರು ಟಾರು ರಸ್ತೆಯಲ್ಲಿ ಬಸ್ಸಿಗೆ ದಾರಿ ಬಿಡುತ್ತಾ ಅಭ್ಯಾಸ ಮಾಡಿದವರು. ಮುಂದಿನ ಭರ್ತಿಗೆ ಮೂರು ತಿಂಗಳಿತ್ತು. ಹುಡುಗರನ್ನು ಓಡಿಸಲು ಶಾಲೆಯ ಮೈದಾನ ಕೇಳಿದರೆ, ನೋಂದಣಿಯಾದ ಸಂಘಕ್ಕಷ್ಟೇ ಕೊಡುತ್ತೇವೆ ಎಂದರು ಹೈಸ್ಕೂಲಿನ ಹೆಡ್‌ಮಾಸ್ಟರು. ನೋಂದಣಿಗೆ ಏಳು ಜನ ಬೇಕು. ಸುತ್ತಲ ಮಾಜಿ ಸೈನಿಕರು ತಾನೂ ಸೇರಿ ಆರೇ. ಏಳನೆಯ ಹೆಸರಿಗೆಂದು ಗಡಿಯಲ್ಲಿ ತೀರಿಕೊಂಡ ಸಿಪಾಯಿಯ ಹೆಂಡತಿ ಮಂಗಮ್ಮನನ್ನು ಸೇರಿಸಿಕೊಂಡ. ಪಿಂಚಣಿ ಪುಸ್ತಕದಲ್ಲಿ ಆಕೆಯ ಹೆಸರು ತಪ್ಪಾಗಿತ್ತು. ಅದನ್ನು ಸರಿಮಾಡಿಸಲು ಬಂದಿದ್ದಳು.

ಏಳೂ ಜನ ರಾಮಾಂಜಿನಪ್ಪನ ಜಗಲಿಯಲ್ಲಿ ಕೂತರು. ಅಧ್ಯಕ್ಷರು ಯಾರೆಂಬಲ್ಲಿಗೆ ಮಾತು ಬಂತು.

"ಹವಾಲ್ದಾರ್ ಕೆಳಗೆ ಸುಬೇದಾರ್ ಕೂತಿದ್ದು ನಾನೆಲ್ಲೂ ಕಂಡಿಲ್ಲ ಕಣಪ್ಪ," ಎಂದರು ನಿವೃತ್ತ ಸುಬೇದಾರ್ ಕೆಂಪರಾಜು.

"ಹಂಗಾದ್ರೆ ನೀವೇ ಆಗಿ ಸಾರ್," ಎಂದ ರಾಮಾಂಜಿನಪ್ಪ.

"ನಾನಿರಲ್ಲ," ಎಂದ ವೇಣು. ಅವನು ಆರು ವರ್ಷ ಕೆಂಪರಾಜು ಕೈಕೆಳಗಿದ್ದವನು. "ಅಪ್ಪ ಸತ್ತ ಅಂತ ರಜಾ ಕೇಳಿದ್ರೆ, ಹೋದ ವರ್ಷಾನೂ ಸತ್ತಿದ್ನಲ್ಲ ಅಂದವ್ರು ಇವ್ರು."

"ಸತ್ತಿದ್ದ ತಾನೆ?"

"ಅದು ದೊಡ್ಡಪ್ಪ, ಸಾರ್."

ಇಬ್ಬರೂ ಚಪ್ಪಲಿ ಮೆಟ್ಟಿಕೊಳ್ಳಲು ಎದ್ದರು. ಅವರು ಹೋದರೆ ಉಳಿಯುವುದು ಐದು ಜನ. ರಾಮಾಂಜಿನಪ್ಪ ಬಾಗಿಲ ಬಳಿ ಕೂತಿದ್ದ ಮಂಗಮ್ಮನತ್ತ ತಿರುಗಿದ.

"ಅಮ್ಮಾ, ಅಧ್ಯಕ್ಷರು ನೀವಾಗ್ತೀರಾ?"

"ಏನು ಕೆಲ್ಸ ಇರ್ತದೆ?"

"ರುಜು ಹಾಕೋದು."

"ಅದು ಬರ್ತದೆ. ನಿಧಾನ."

ಕೆಂಪರಾಜು ಒಂದು ಕಾಲಿಗೆ ಚಪ್ಪಲಿ ಹಾಕಿ ನಿಂತರು. ಗಡಿಯಲ್ಲಿ ಮಡಿದವನ ಹೆಂಡತಿಗೆ ಕರ್ನಲ್ಲೂ ಎದ್ದು ನಿಂತದ್ದನ್ನು ಅವರು ನೋಡಿದ್ದರು. ಸ್ವಲ್ಪ ಯೋಚಿಸಿ ಚಪ್ಪಲಿ ಬಿಟ್ಟರು.

"ಇದಕ್ಕೆ ರೂಲು ಅಡ್ಡ ಬರಲ್ಲ," ಎಂದರು. ವೇಣುವೂ ಕೂತ.

ಮಂಗಮ್ಮ ನೋಂದಣಿ ಅರ್ಜಿಯ ಪ್ರತಿ ಹಾಳೆಯನ್ನೂ ಓದಿಸಿ ಕೇಳಿದಳು. ಎರಡನೆಯ ಹಾಳೆಗೆ ತಡೆದಳು.

"ಯುವಕರಿಗೆ ತರಬೇತಿ ಅಂತ ಐತಲ್ಲ. ನನ್ನ ಮೊಮ್ಮಗಳು ಲಾವಣ್ಯ ಓಡಂಗಿಲ್ವಾ?"

ರಾಮಾಂಜಿನಪ್ಪ ಪಕ್ಕದಲ್ಲಿ 'ಯುವತಿಯರಿಗೆ' ಎಂದು ಸೇರಿಸಿದ. ಆಮೇಲೆ ಆಕೆ ಒಂದೊಂದೇ ಅಕ್ಷರ ಕೂರಿಸಿದಳು. ಮೂರು ರುಜುವಿಗೆ ಎರಡು ಸಲ ಕಾಫಿ ಆಯಿತು.

ಚಿಕ್ಕಬಳ್ಳಾಪುರದಲ್ಲಿ ನೋಂದಣಿಯಾಗಿ ಮೈದಾನ ಸಿಗುವ ಹೊತ್ತಿಗೆ ಭರ್ತಿಗೆ ಒಂಬತ್ತು ವಾರ ಉಳಿದಿತ್ತು. ಮೊದಲ ಬೆಳಿಗ್ಗೆ ಎಂಟು ಹುಡುಗರೂ ಲಾವಣ್ಯಳೂ ಬಂದು ಸಾಲಾಗಿ ನಿಂತರು. ಓಡಿಸಬೇಕಾದ ವೇಣು ನಾಲ್ಕು ನಿಮಿಷ ತಡವಾಗಿ ಬಂದ.

"ಎರಡು ರೌಂಡು," ಎಂದರು ಕೆಂಪರಾಜು.

"ನೀವ್ಯಾರು ಸಾರ್ ಹೇಳೋಕೆ? ಅಧ್ಯಕ್ಷರು ಹೇಳಲಿ."

ಅಧ್ಯಕ್ಷರು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು.

"ಮೂರು," ಎಂದರು.

ವೇಣು ಓಡಿದ. ಒಂಬತ್ತು ಜನ ಅವನ ಹಿಂದೆ ಓಡಿದರು.