ಒಂದು ಎಕರೆ ಒಂದು ಗುಂಟೆ

ಎಸ್ಸೆಸ್ಸೆಲ್ಸಿ ಪಾಸಾದವನ ಸೊಕ್ಕನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ತುಕ್ಕಾನಟ್ಟಿಯಲ್ಲಿ ಯಾರದೇ ಮನೆಯಲ್ಲಿ ಹೊಲದ ವಾಟ್ನಿ, ಅಂದರೆ ಪಾಲು, ಆಗಬೇಕಾದರೂ ಲೆಕ್ಕಕ್ಕೆ ನನ್ನನ್ನೇ ಕರೆಯುತ್ತಿದ್ದರು. ಹಾಳೆ, ಪೆನ್ಸಿಲು ಸಾಕಾಗುತ್ತಿತ್ತು. ಆಮೇಲೆ ಮೂಡಲಗಿಯಿಂದ ಸರ್ವೇದವರು ಬಂದು ಮೂರು ಕಾಲಿನ ಯಂತ್ರ ನಿಲ್ಲಿಸತೊಡಗಿದರು. ಜನ ನನ್ನನ್ನು ಬಿಟ್ಟು ಅದರ ಸುತ್ತ ನೆರೆದರು. ಅರವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಹೊಟ್ಟೆಕಿಚ್ಚು ಬಂದದ್ದು ಒಂದು ಸ್ಟ್ಯಾಂಡಿನ ಮೇಲೆ. ಮರುವಾರವೇ ಕ್ಯಾಲ್ಕ್ಯುಲೇಟರ್ ಕೊಳ್ಳಲು ಗೋಕಾಕದ ಬಸ್ಸು ಹತ್ತಿದೆ.

"ಡಿಪ್ಲೊಮಾಕ್ಕ ಬೇಕೇನ್ರಿ ಕಾಕಾ, ಬಿಎಸ್ಸಿಗ್ರಿ?" ಎಂದು ಅಂಗಡಿಯವನು ಕೇಳಿದ.

"ವಾಟ್ನಿಗೆ."

ಅವನು ಪಾಪ, ಕೂಡಿಸಿ ಕಳೆಯುವಂಥ ಸಾದಾ ಕ್ಯಾಲ್ಕ್ಯುಲೇಟರನ್ನೇ ಮೊದಲು ಇಟ್ಟ. ನಾನು ಅದನ್ನು ಮುಟ್ಟಲೂ ಇಲ್ಲ.

"ಇದ್ದದ್ರಾಗ ಹೆಚ್ಚ ಗುಂಡಿ ಇರೂದು ತಗೀರಿ," ಎಂದೆ.

ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾನು ಇಲ್ಲಿ ಗುಂಡಿ ಎಣಿಸಿದೆ. ಸೈನ್ಸ್‌ ಕಲಿಯುವವರು ಹಿಡಿಯುವ ಯಂತ್ರ ಜೇಬಿಗೆ ಬಂತು. ಸೈನ್ ಮೂವತ್ತು ಡಿಗ್ರಿ ಅಂದರೆ ಅರ್ಧ ಎಂದು ಸಾಲೆಯಲ್ಲಿ ಉರು ಹೊಡೆದಿದ್ದೆ. ಇದು ಮೈನಸ್ಸಿನಿಂದ ಶುರುವಾಗುವ ಏನೋ ಉದ್ದನೆಯ ಸಂಖ್ಯೆ ತೋರಿಸಿತು. ಮೂರು ದಿನ ಅಂಗಡಿಯವನನ್ನು ಬೈದೆ. ನಾಲ್ಕನೆಯ ದಿನ, ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿಟ್ಟವನು ನಾನೇ ಎಂದು ತಿಳಿಯಿತು. ಗೋವಿನಜೋಳದ ಹೊಲಕ್ಕೂ ಸೈನಿಗೂ ಏನು ಸಂಬಂಧ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯದೇ ವಾಟ್ನಿ ಬಂತು. ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿಗೆ ಕೊಟ್ಟಿದ್ದ ನನ್ನ ತಂಗಿ ಅಪ್ಪನ ಹೊಲದಲ್ಲಿ ತನ್ನ ಅರ್ಧ ಕೇಳಿದಳು. ಹೊಲ ಎರಡು ಎಕರೆ ಇಪ್ಪತ್ತು ಗುಂಟೆ; ನಲವತ್ತು ಗುಂಟೆಗೆ ಒಂದು ಎಕರೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅದನ್ನು 2-20 ಎಂದು ಬರೆದಿರುತ್ತಾರೆ. ನಾಲ್ಕು ಹಿರಿಯರು ಬದುವಿನ ಮೇಲೆ ಕುಳಿತಿದ್ದರು. ನಾನು ಗತ್ತಿನಿಂದ 2.20 ಒತ್ತಿ ಎರಡರಿಂದ ಭಾಗಿಸಿದೆ. ಮೊದಲು ಭಿನ್ನರಾಶಿಯಾಗಿ ಹನ್ನೊಂದರ ಕೆಳಗೆ ಹತ್ತು ಬಂತು. ಇನ್ನೊಂದು ಗುಂಡಿ ಒತ್ತಿದೆ. 1.1.

"ಒಂದ ಎಕರೆ ಒಂದ ಗುಂಟೆ," ಎಂದು ಸಾರಿದೆ.

ತಂಗಿ ಬೆರಳು ಮಡಚಿದಳು. "ಯಣ್ಣಾ, ಎರಡೂವರಿ ಎಕರೆದಾಗ ಅರ್ಧ ಅಂದ್ರ ಒಂದೂಕಾಲು. ಒಂದ ಎಕರೆ ಹತ್ತ ಗುಂಟೆ ಆಗಬೇಕಲ್ಲ?"

"ದಡ್ಡಿಗೆ ಕೊಟ್ಟಿದ್ದಕ್ಕ ದಡ್ಡಿ ಆಗೇ ಬಂದಾಳ ನೋಡ್ರಿ," ಎಂದೆ. ಹಿರಿಯರು ನಕ್ಕರು.

"ಮಶೀನ ಹೇಳಿದ ಮ್ಯಾಲ ಮುಗೀತ ಬಿಡವಾ," ಎಂದ ಒಬ್ಬ.

ಅವಳು ಮಡಚಿದ ಬೆರಳು ಬಿಚ್ಚಿ ಸೆರಗು ಸರಿಪಡಿಸಿಕೊಂಡಳು. ಗಡಿಕಲ್ಲಿಗೆ ಕುಣಿ ತೋಡುತ್ತಿದ್ದಾಗ ನನಗೆ ಹೊಳೆಯಿತು: ಒಂದು ಎಕರೆ ಒಂದು ಗುಂಟೆಯ ಎರಡು ಪಾಲು ಕೂಡಿದರೆ ಎರಡು ಎಕರೆ ಎರಡೇ ಗುಂಟೆ. ಉಳಿದ ಹದಿನೆಂಟು ಎಲ್ಲಿ ಹೋಯಿತು? ಯಂತ್ರಕ್ಕೆ ಎಕರೆಯೂ ಗೊತ್ತಿಲ್ಲ, ಗುಂಟೆಯೂ ಗೊತ್ತಿಲ್ಲ. ಹತ್ತರ ಸೊನ್ನೆಯನ್ನು ಅದು ಬೇಡವೆಂದು ಬಿಟ್ಟಿತ್ತು. ನಾನು ಬಾಯಿ ಬಿಡಲಿಲ್ಲ. ನಾಲ್ಕು ಮಂದಿಯ ಎದುರು ಮಾನ ಹೋಗುತ್ತದೆ ಎಂಬುದು ಅರ್ಧ ಕಾರಣ. ತಂಗಿಯ ಒಂಬತ್ತು ಗುಂಟೆ ನನ್ನ ಕಡೆ ಬಿದ್ದಿತ್ತು ಎಂಬುದು ಉಳಿದ ಅರ್ಧ. ಕಲ್ಲು ನೆಟ್ಟರು.

ಆ ಒಂಬತ್ತು ಗುಂಟೆಯಲ್ಲಿ ಎರಡು ವರ್ಷ ಗೋವಿನಜೋಳ ಬೆಳೆದೆ. ತೆನೆ ತುಂಬಿಯೇ ಬಂತು. ಮಣ್ಣಿಗೆ ನಾಚಿಕೆ ಇರುವುದಿಲ್ಲ. ತಂಗಿ ಎರಡೂ ವರ್ಷ ಪಂಚಮಿಗೆ ತವರಿಗೆ ಬರಲಿಲ್ಲ. ಮೂರನೆಯ ವರ್ಷ ಕರೆಯಲು ನಾನೇ ದಡ್ಡಿಗೆ ಹೋದೆ. ಅವಳು ಕೊಟ್ಟ ನೀರು ಕುಡಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ.

"ಎರಡ ವರ್ಷ ಬೇಕಾತೇನ, ಅಷ್ಟ ಗುಂಡಿ ಒತ್ತಾಕ?" ಎಂದಳು.

"ಕಲ್ಲ ಸರಿಸಿ ಕೊಡತೇನಿ, ತಂಗೀ."

"ಕಲ್ಲ ಆಮ್ಯಾಲ. ನನ್ನ ದಡ್ಡಿ ಅಂದಾಗ ನಕ್ಕರಲ್ಲ, ಆ ನಾಲ್ಕೂ ಮಂದಿನ ಮೊದಲ ಕರಿ. ಅವರ ಮುಂದ ಹೇಳು."

ಪಂಚಮಿಯ ಮರುದಿನ ಅದೇ ಬದುವಿನ ಮೇಲೆ ನಾಲ್ವರನ್ನೂ ಕೂರಿಸಿ ಹೇಳಿದೆ. ಒಬ್ಬ ನನಗೆ ಪಾರಾಗುವ ದಾರಿ ಮಾಡಿಕೊಡಲು ನೋಡಿದ: "ಹಂಗಾರ ಮಶೀನ ಕೆಟ್ಟಿತ್ತೇನ್ರಿ?"

"ಇಲ್ರಿ. ಓದಿದ್ದು ನಾ ತಪ್ಪ ಓದಿದ್ನಿ. ಗೊತ್ತಾದ ಮ್ಯಾಲೂ ಸುಮ್ನ ಇದ್ನಿ."

ಯಾರೂ ನಗಲಿಲ್ಲ. ತಂಗಿ ಹಾರೆ ತಂದು ನನ್ನ ಕೈಗೆ ಕೊಟ್ಟಳು. ಆ ಕಲ್ಲು ಒಬ್ಬನಿಂದ ಏಳುವಂಥದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕುಳಿತವರು ಕುಳಿತೇ ಇದ್ದರು. ನಾನು ಅಗೆಯತೊಡಗಿದೆ.